ಬಣ್ಣ ಎಲ್ಲಿಗೆ ಹೋಯಿತು?

ನಮ್ಮ ವಿದ್ಯಾಶಾಲೆಯ ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ವಾಡಿಕೆಯಂತೆ ಹಳಗನ್ನಡ ವ್ಯಾಕರಣದ ಮೇಲೆಯೋ ಷಟ್ಪದಿಯ ಲಕ್ಷಣದ ಮೇಲೆಯೋ ನಾಲ್ಕು ಪುಟ ಬರೆದು ಒಪ್ಪಿಸುವೆನೆಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆನು. ಆದರೆ ಲೇಖನಿ ಹಿಡಿದು ಕುಳಿತಾಗ ಮನಸ್ಸು ಬೇರೊಂದು ಕಡೆಗೆ ಹೊರಳಿತು. ಬಹುಕಾಲದಿಂದ ಒಳಗೇ ಉಳಿದಿದ್ದ ಒಂದು ಸಂಗತಿಯನ್ನು ಈಗಲಾದರೂ ಹೇಳಿಬಿಡುವುದು ಲೇಸೆನಿಸಿತು. ಅದು ನನ್ನ ಶಾಸ್ತ್ರಕ್ಕೆ ಸೇರಿದ ವಿಷಯವಲ್ಲ. ಬೆಳಕಿಗೂ ಬಣ್ಣಕ್ಕೂ ಸೇರಿದುದು. ಕನ್ನಡ ಪಂಡಿತನಿಗೆ ಭೌತವಿಜ್ಞಾನದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಗೊಡವೆ ನನಗೆ ಹೇಗೆ ಅಂಟಿಕೊಂಡಿತೆಂಬುದೇ ಈ ಬರಹದ ವಸ್ತು.

1998ನೆಯ ಇಸವಿಯ ಮಳೆಗಾಲ. ನಾನು ಈ ಶಾಲೆಗೆ ಬಂದು ಮೂರು ವರ್ಷಗಳಾಗಿದ್ದವು. ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಿಸಿ ಇನ್ನೂ ಆರಿರಲಿಲ್ಲ. ಹಗಲಿನಲ್ಲಿ ಮೇಲಿನ ತರಗತಿಗಳಿಗೆ ಕನ್ನಡ ಹೇಳುವುದು, ಸಂಜೆ ಪ್ರಸಾದ ನಿಲಯದ ಹುಡುಗರ ಮೇಲ್ವಿಚಾರಣೆ ನೋಡುವುದು, ಇವೆರಡೂ ನನ್ನ ಪಾಲಿಗೆ ಬಂದಿದ್ದವು. ಅಂದು ಒಂಬತ್ತನೆಯ ತರಗತಿಗೆ ಗುಣವಾಚಕಗಳ ಪಾಠ. ಗುಣವೆಂದರೇನು ಎಂಬುದನ್ನು ಹೇಳಹೊರಟು, ಪಾಠಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ್ದ ಅನ್ನಂಭಟ್ಟನ ತರ್ಕಸಂಗ್ರಹವನ್ನು ನೆನಪಿಸಿಕೊಂಡೆನು. ಗುಣವು ದ್ರವ್ಯವನ್ನು ಆಶ್ರಯಿಸಿರುವುದು; ರೂಪವೆಂಬ ಗುಣ ಕಣ್ಣಿಗೆ ಮಾತ್ರ ಗೋಚರ; ಅದು ಬಿಳಿದು, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ, ಚಿತ್ರ ಎಂದು ಏಳು ಬಗೆ; ಪೃಥಿವಿಯಲ್ಲಿ ಈ ಏಳೂ ಉಂಟು. ಹೀಗೆ ನಿರೂಪಿಸಿ, ಹುಡುಗರಿಗೆ ಹಿಡಿಸಲೆಂದು ಒಂದು ದೃಷ್ಟಾಂತವನ್ನೂ ಕೊಟ್ಟೆನು: "ನವಿಲುಗರಿಯ ನೀಲಿ ಗರಿಯಲ್ಲಿಯೇ ಇದೆ. ಗರಿಯನ್ನು ಬಿಟ್ಟು ಅದು ಬೇರೆಲ್ಲಿಯೂ ಇರದು."

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದುನಿಂತನು. ಒಕ್ಕಲುತನದ ಮನೆಯವನು, ಹಣೆಯ ಮೇಲೆ ವಿಭೂತಿ, ಮೈಮೇಲೆ ಅಣ್ಣನ ಅಳತೆಯ ಅಂಗಿ. "ಗುರುಗಳ, ಗರಿಯಾಗ ನೀಲಿ ಇಲ್ರಿ. ನಾ ಕುಟ್ಟಿ ನೋಡೀನ್ರಿ" ಎಂದನು.

ತರಗತಿಯೇ ಗೊಳ್ಳೆಂದು ನಕ್ಕಿತು. ಪುಸ್ತಕದ ನಡುವೆ ನವಿಲುಗರಿಯನ್ನಿಟ್ಟು, ಅದಕ್ಕೆ ಪೆನ್ಸಿಲು ಹೆರೆದ ಪುಡಿಯನ್ನು ಉಣಿಸಿ, ಅದು ಮರಿ ಹಾಕುವುದೆಂದು ದಾರಿ ಕಾಯುವುದು ನಮ್ಮ ಮಕ್ಕಳ ಹಳೆಯ ಆಟ. ಈ ಹುಡುಗನೂ ಒಂದು ವರ್ಷ ಕಾದನಂತೆ. ಮರಿ ಬರಲಿಲ್ಲ. ಆಗ ಗರಿಯ ಒಳಗೆ ಏನಿದೆಯೆಂದು ನೋಡುವ ಮನಸ್ಸಾಯಿತು. ಕಣ್ಣಿನ ಭಾಗವನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ನಿಲಯದ ಅಡುಗೆಯ ಅಜ್ಜನವರ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದನು. ಎಷ್ಟು ಕುಟ್ಟಿದರೂ ನೀಲಿ ಪುಡಿಯಾಗಲಿಲ್ಲ, ಹಸಿರು ಪುಡಿಯಾಗಲಿಲ್ಲ. ಕಡೆಗೆ ಉಳಿದದ್ದು ಮಸುಕಾದ ಕಂದು ಹುಡಿ. ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದಿದ್ದನು. ಮೇಜಿನ ಮೇಲೆ ನನ್ನ ಮುಂದೆಯೇ ಬಿಚ್ಚಿಟ್ಟನು.

ನಾನು ಆ ಹುಡಿಯನ್ನು ನೋಡಬೇಕಿತ್ತು, ನೋಡಲಿಲ್ಲ. ಶಾಸ್ತ್ರವಾಕ್ಯಕ್ಕೆ ಎದುರಾಡಿದನೆಂಬುದು ಒಂದು ಅಪರಾಧ. ತರಗತಿಯನ್ನು ನಗಿಸಿದನೆಂಬುದು ಇನ್ನೊಂದು. ಅಜ್ಜನವರ ಎಲೆಯಡಿಕೆಯ ಕುಟ್ಟಾಣಿಯನ್ನು ಕೆಡಿಸಿದನೆಂಬುದು ಮೂರನೆಯದು. ಪೊಟ್ಟಣವನ್ನು ಕಿಟಕಿಯಾಚೆಗೆ ಎಸೆದು, ಗಂಟೆ ಬಾರಿಸುವವರೆಗೆ ಹೊರಗೆ ನಿಲ್ಲೆಂದೆನು. ಆ ವಾರದ ಪರೀಕ್ಷೆಯಲ್ಲಿಯೂ ಅವನು ಅದನ್ನೇ ಬರೆದನು. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಅದರ ಕೆಳಗೆ "ಹಾಗಾದರೆ ಬಣ್ಣ ಎಲ್ಲಿಗೆ ಹೋಯಿತು?" ಎಂದು ಗೀಚಿದೆನು. ಅಷ್ಟಕ್ಕೆ ತೃಪ್ತಿಯಾಗದೆ, ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಹೋಗುವ ಮಕ್ಕಳ ಯಾದಿಯಲ್ಲಿ ಅವನ ಹೆಸರಿದ್ದುದನ್ನು ಕಂಡು, ಶಿಸ್ತಿಲ್ಲದವನೆಂಬ ಕಾರಣ ಕೊಟ್ಟು ಹೊಡೆದುಹಾಕಿಸಿದೆನು. ಅವನು ಏನೂ ಹೇಳಲಿಲ್ಲ. ಮರುವರ್ಷ ಹತ್ತನೆಯ ತರಗತಿ ಮುಗಿಸಿ ಹೊರಟುಹೋದನು. ನಾನು ಮರೆತೆನೆಂದುಕೊಂಡೆನು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ, ತಲೆಗೂದಲು ಅಲ್ಲಲ್ಲಿ ನರೆತ ಒಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಹೆಸರು ಹೇಳುವ ಮೊದಲೇ ಆ ಕಂದು ಹುಡಿ ನನ್ನ ಕಣ್ಣ ಮುಂದೆ ಬಂದಿತು. ಅವರು ಈಗ ಹೊರನಾಡಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧಕರು. ಹೆಸರು ಬರೆಯಬಾರದೆಂದು ಅವರ ಅಪೇಕ್ಷೆ. ನಾನು ಅದನ್ನು ನಡೆಸಿಕೊಡುತ್ತಿದ್ದೇನೆ. ಮಧ್ಯಾಹ್ನದ ಪ್ರಸಾದವಾದ ಮೇಲೆ ನನ್ನ ಕೋಣೆಗೆ ಬಂದು, ಕಿಸೆಯಿಂದ ಒಂದು ಚಿಕ್ಕ ಡಬ್ಬಿಯನ್ನು ತೆಗೆದು, ಹೆಬ್ಬೆರಳಿನ ಉಗುರಿನಷ್ಟು ಗಾಜಿನ ಬಿಲ್ಲೆಯನ್ನು ನನ್ನ ಅಂಗೈಯ ಮೇಲಿಟ್ಟರು. ಮೇಲುನೋಟಕ್ಕೆ ಅದು ಮಬ್ಬು ಕನ್ನಡಿಯ ಚೂರಿನಂತಿತ್ತು. "ಕಿಟಕಿಯ ಕಡೆ ಹಿಡಿದು ನೋಡ್ರಿ ಗುರುಗಳ" ಎಂದರು. ಹಿಡಿದೆನು. ಎಳ್ಳುಕಾಳಿಗಿಂತ ದೊಡ್ಡವಲ್ಲದ ಮೂರು ಚೌಕಗಳು ಬೆಳಕಿನಲ್ಲಿ ಬೆಳಗಿದವು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ.

"ಯಾವ ಬಣ್ಣ ಬಳಿದಿದ್ದೀರಿ?" ಎಂದು ಕೇಳಿದೆನು.

"ಬಣ್ಣ ಬಳಿದಿಲ್ಲರಿ. ಮೂರು ಚೌಕದಾಗೂ ಇರೂದು ಒಂದೇ ಅಲ್ಯೂಮಿನಿಯಂ. ತೂತು ಮಾತ್ರ ಬ್ಯಾರೆ ಬ್ಯಾರೆ."

ಅಂದು ಸಂಜೆಯವರೆಗೆ ಅವರು ಗುರು, ನಾನು ಶಿಷ್ಯ. ಅವರು ಹೇಳಿದುದನ್ನೂ, ಆಮೇಲೆ ನಾನು ಹುಡುಕಿ ಓದಿ ತಿಳಿದುದನ್ನೂ ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಬಣ್ಣ ಹುಟ್ಟುವ ಬಗೆ ಎರಡು. ಅರಿಶಿನದ ಕೊಂಬನ್ನು ಕುಟ್ಟಿದರೆ ಹಳದಿ ಇನ್ನೂ ಹರಡುವುದು. ನೀಲಿಗಿಡದಿಂದ ತೆಗೆದ ನೀಲಿ ಬಟ್ಟೆಗೆ ಹತ್ತುವುದು. ಇವು ವರ್ಣದ್ರವ್ಯಗಳು. ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿ, ಉಳಿದುದನ್ನು ನಮ್ಮ ಕಣ್ಣಿಗೆ ಬಿಡುತ್ತವೆ. ತರ್ಕಸಂಗ್ರಹ ಹೇಳುವ ರೂಪ ಇಂತಹ ಬಣ್ಣಗಳಿಗೆ ಬಹುಮಟ್ಟಿಗೆ ಒಪ್ಪುವುದು. ಇನ್ನೊಂದು ಬಗೆಯ ಬಣ್ಣ ಬೇರೆ. ಸಾಬೂನಿನ ಗುಳ್ಳೆಯಲ್ಲಿ ಯಾರೂ ಬಣ್ಣ ಕಲಸಿಲ್ಲ. ಮಳೆ ಬಿದ್ದ ರಸ್ತೆಯ ಮೇಲೆ ಹರಡಿದ ಎಣ್ಣೆಯಲ್ಲಿಯೂ ಕಲಸಿಲ್ಲ. ಆದರೂ ಅಲ್ಲಿ ಕಾಮನಬಿಲ್ಲು ಆಡುವುದು. ಬೆಳಕು ಒಂದು ಬಗೆಯ ಅಲೆ. ಗುಳ್ಳೆಯ ತೆಳುವಾದ ಪೊರೆಯ ಮೇಲುಮುಖದಿಂದ ಒಂದು ಅಲೆ, ಒಳಮುಖದಿಂದ ಇನ್ನೊಂದು ಅಲೆ ಹಿಂದಿರುಗಿ ಬರುತ್ತವೆ. ಉಬ್ಬಿನ ಮೇಲೆ ಉಬ್ಬು ಕೂಡಿದ ಬಣ್ಣ ಬಲಿಯುವುದು. ಉಬ್ಬಿನ ಮೇಲೆ ತಗ್ಗು ಬಿದ್ದ ಬಣ್ಣ ಅಳಿಯುವುದು. ಯಾವುದು ಬಲಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಣಯಿಸುವುದು ಪೊರೆಯ ದಪ್ಪ.

ಇಲ್ಲಿ ಅಳತೆಯ ಮಾತು ಬರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ನೇರಳೆಯ ಕಡೆ ಸುಮಾರು 400, ಕೆಂಪಿನ ಕಡೆ ಸುಮಾರು 700 ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೋ 50,000ದಿಂದ 1,00,000 ನ್ಯಾನೋಮೀಟರ್. ಆದುದರಿಂದ ಬೆಳಕಿನೊಡನೆ ಆಟವಾಡಬಲ್ಲ ರಚನೆ ಕೂದಲಿಗಿಂತ ನೂರಾರು ಪಟ್ಟು ಸಣ್ಣದಾಗಿರಬೇಕು.

ನವಿಲಿನ ಗರಿಯಲ್ಲಿ ಇರುವುದು ಅಂತಹ ರಚನೆಯೇ. ಗರಿಯ ಎಳೆಗೆ ಕವಲೊಡೆದ ಕಿರುಎಳೆಗಳ ಒಳಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಸಣ್ಣ ಸಣ್ಣ ಕಡ್ಡಿಗಳು, ಕೆರಾಟಿನ್ ಎಂಬ ಉಗುರಿನ ಜಾತಿಯ ವಸ್ತುವಿನಿಂದ ಬೆಸೆದುಕೊಂಡು, ಜಾಲಂದರದಂತೆ ಸಾಲುಗಟ್ಟಿವೆ. ಚೀನದ ಫುದಾನ್ ವಿಶ್ವವಿದ್ಯಾಲಯದ ವಿದ್ವಾಂಸರು 2003ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಕಡ್ಡಿಯಿಂದ ಕಡ್ಡಿಗಿರುವ ಅಂತರ ನೀಲಿಯ ಕಡೆ ಸುಮಾರು 140, ಹಸಿರಿನ ಕಡೆ ಸುಮಾರು 150, ಹಳದಿಯ ಕಡೆ ಸುಮಾರು 165 ನ್ಯಾನೋಮೀಟರ್. ಕಡ್ಡಿಗಳು ಎಲ್ಲೆಡೆಯೂ ಅವೇ. ಅಂತರ ಮಾತ್ರ ಬೇರೆ. ಹತ್ತು ಹದಿನೈದು ನ್ಯಾನೋಮೀಟರಿನ ಹೆಚ್ಚು ಕಡಿಮೆಯಲ್ಲಿ ನೀಲಿ ಹಸಿರಾಗುತ್ತದೆ, ಹಸಿರು ಹಳದಿಯಾಗುತ್ತದೆ. ನಮ್ಮ ಹುಡುಗ ಕುಟ್ಟಾಣಿಯಲ್ಲಿ ಪುಡಿ ಮಾಡಿದ್ದು ಈ ಜಾಲಂದರವನ್ನು. ಅದು ಮುರಿದಾಗ ಉಳಿದದ್ದು ಮೆಲನಿನ್ನಿನ ಕಂದು. ಬಿಳಿಯ ನವಿಲನ್ನು ಕೆಲವರು ಮೃಗಾಲಯಗಳಲ್ಲಿ ನೋಡಿರಬಹುದು. ಅದರ ಗರಿಯಲ್ಲಿ ಮೆಲನಿನ್ ಇಲ್ಲ; ಮೆಲನಿನ್ ಇಲ್ಲದುದರಿಂದ ಕಡ್ಡಿಗಳ ಸಾಲೂ ಇಲ್ಲ; ಸಾಲು ಇಲ್ಲದುದರಿಂದ ನೀಲಿಯೂ ಇಲ್ಲ.

ಈ ಸಂಶಯ ಹೊಸದೇನೂ ಅಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ತನ್ನ ಮೈಕ್ರೊಗ್ರಾಫಿಯ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಡಿ ನವಿಲುಗರಿಯನ್ನು ನೋಡಿ, ನೀರು ತಾಗಿದಾಗ ಅದರ ಬಣ್ಣ ಅಳಿಯುವುದನ್ನು ಗುರುತಿಸಿ, ಇದು ಬೆಳಕಿನ ಪ್ರತಿಫಲನ ವಕ್ರೀಭವನಗಳಿಂದ ಬಂದುದೆಂದು ಊಹಿಸಿದ್ದನು. ನ್ಯೂಟನ್ 1704ರ ತನ್ನ ಆಪ್ಟಿಕ್ಸ್ ಗ್ರಂಥದಲ್ಲಿ ನವಿಲಿನ ಬಾಲದ ಬಣ್ಣವನ್ನು ತೆಳುಪೊರೆಯ ಬಣ್ಣಗಳ ಜೊತೆಗೆ ಇಟ್ಟನು. ನಮ್ಮ ನಾಡಿಗೆ ಹತ್ತಿರದ ಇನ್ನೊಂದು ಮಾತಿದೆ. ಹೊಲಗಳ ಬದುವಿನಲ್ಲಿ, ತಂತಿಯ ಮೇಲೆ ಕುಳಿತು, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿಯನ್ನು ಬಿಚ್ಚುವ ನೀಲಕಂಠ ಪಕ್ಷಿ ನಮ್ಮ ರಾಜ್ಯದ ಪಕ್ಷಿ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಅವರು, 1934ರಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತು ಲೇಖನ ಬರೆದರು. ಅದರಲ್ಲಿ ಅವರು ಪರೀಕ್ಷೆಗೆ ತೆಗೆದುಕೊಂಡದ್ದು ಈ ನೀಲಕಂಠದ ಗರಿಯನ್ನೇ. ನಾನು ಹುಟ್ಟುವುದಕ್ಕೂ ಮುನ್ನ ನಮ್ಮ ನಾಡಿನಲ್ಲಿಯೇ ಒಬ್ಬ ಮಹಾವಿದ್ವಾಂಸರು ಎತ್ತಿದ್ದ ಪ್ರಶ್ನೆಯನ್ನು ನನ್ನ ತರಗತಿಯ ಹುಡುಗ ಕುಟ್ಟಾಣಿಯಿಂದ ಎತ್ತಿದ್ದನು. ನಾನು ಅದನ್ನು ಕಿಟಕಿಯಾಚೆಗೆ ಎಸೆದಿದ್ದೆನು.

ಇನ್ನು ಆ ಗಾಜಿನ ಬಿಲ್ಲೆಯ ಮಾತು. ಇದರಿಂದ ಏನು ಪ್ರಯೋಜನವೆಂದು ದಾನಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮೆಲ್ಲರ ಕಿಸೆಯಲ್ಲಿಯೇ ಇದೆ. ಫೋನಿನ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸಿಲಿಕಾನ್ ತುಣುಕು ಇರುತ್ತದೆ. ಅದಕ್ಕೆ ಬೆಳಕು ಎಷ್ಟು ಬಂದಿತೆಂಬುದು ತಿಳಿಯುತ್ತದೆ, ಯಾವ ಬಣ್ಣದ್ದು ಬಂದಿತೆಂಬುದು ತಿಳಿಯದು. ಆದುದರಿಂದ ಅದರ ಲಕ್ಷಾಂತರ ಕೋಶಗಳಲ್ಲಿ ಒಂದೊಂದರ ಮೇಲೆಯೂ ಒಂದೊಂದು ಬಣ್ಣದ ಕಿರುಮುಚ್ಚಳವನ್ನು ಹೊದಿಸುತ್ತಾರೆ. ನಾಲ್ಕು ಕೋಶಗಳ ಒಂದು ಚೌಕದಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಈ ವಿನ್ಯಾಸ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರದು. ಅದಕ್ಕೆ 1976ರಲ್ಲಿ ಪೇಟೆಂಟು ದೊರೆಯಿತು. ಹಳೆಯ ಕಾಲದ ಬಣ್ಣದ ಗಾಜಿನಂತೆಯೇ ಈ ಮುಚ್ಚಳಗಳೂ ವರ್ಣದ್ರವ್ಯ ಬೆರೆಸಿದ ರಾಳದ ಪೊರೆಗಳು.

ಕ್ಯಾಮೆರಾ ಕಿರಿದಾದಂತೆ ಕೋಶವೂ ಕಿರಿದಾಗುತ್ತ ಬಂದಿತು. ಇಂದು ಕೆಲವು ಫೋನುಗಳಲ್ಲಿ ಒಂದು ಕೋಶದ ಅಗಲ 600 ನ್ಯಾನೋಮೀಟರಿನ ಆಸುಪಾಸು; ಎಂದರೆ ಕಡುಗೆಂಪು ಬೆಳಕಿನ ಒಂದು ಅಲೆಗಿಂತ ಚಿಕ್ಕದು. ವರ್ಣದ್ರವ್ಯದ ಪೊರೆಯಾದರೋ ಬೆಳಕನ್ನು ನುಂಗಬೇಕಾದರೆ ತಕ್ಕಷ್ಟು ದಪ್ಪವಿರಲೇಬೇಕು. ಅಗಲ ಕುಗ್ಗಿ ದಪ್ಪ ಕುಗ್ಗದಿದ್ದಾಗ, ಓರೆಯಾಗಿ ಬಂದ ಬೆಳಕು ಒಂದು ಕೋಶದ ಮುಚ್ಚಳವನ್ನು ಹೊಕ್ಕು ನೆರೆಯ ಕೋಶದಲ್ಲಿ ಇಳಿಯುತ್ತದೆ. ಕೆಂಪಿನ ಲೆಕ್ಕ ಹಸಿರಿನ ಖಾತೆಗೆ ಬೀಳುತ್ತದೆ. ಅದೂ ಅಲ್ಲದೆ ಈ ಬಣ್ಣಗಳು ಬಲವಾದ ಬಿಸಿಲಿಗೆ, ಶಾಖಕ್ಕೆ ಮಾಸುವ ಸ್ವಭಾವದವು. ಮೂರು ಬಣ್ಣಗಳನ್ನು ಮೂರು ಸಲ ಬೇರೆ ಬೇರೆಯಾಗಿ ಹೊದಿಸಬೇಕಾದ ಶ್ರಮವೂ ಉಂಟು.

ಇದಕ್ಕೆ ಪರಿಹಾರವನ್ನು ವಿದ್ವಾಂಸರು ನವಿಲಿನ ದಾರಿಯಲ್ಲಿ ಹುಡುಕುತ್ತಿದ್ದಾರೆ. 1998ರಲ್ಲಿ, ನಾನು ಆ ಹುಡುಗನನ್ನು ಹೊರಗೆ ನಿಲ್ಲಿಸಿದ ಅದೇ ವರ್ಷ, ತೋಮಾಸ್ ಎಬ್ಬೆಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಸೋಜಿಗವನ್ನು ಪ್ರಕಟಿಸಿದರು. ತೆಳುವಾದ ಬೆಳ್ಳಿಯ ಹಾಳೆಯಲ್ಲಿ, ಬೆಳಕಿನ ಅಲೆಗಿಂತ ಸಣ್ಣ ರಂಧ್ರಗಳನ್ನು ಸಮನಾದ ಅಂತರದಲ್ಲಿ ಕೊರೆದರೆ, ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಬೆಳಕು ಅವುಗಳ ಮೂಲಕ ಹಾಯುತ್ತದೆ. ಅದೂ ಎಲ್ಲ ಬಣ್ಣದ್ದಲ್ಲ, ರಂಧ್ರಗಳ ಅಂತರಕ್ಕೆ ಹೊಂದುವ ಬಣ್ಣದ್ದು ಮಾತ್ರ. ಬೆಳಕು ಲೋಹದ ಮೈಮೇಲಿನ ಎಲೆಕ್ಟ್ರಾನುಗಳನ್ನು ತೂಗುಯ್ಯಾಲೆಯಾಡಿಸುತ್ತದೆ. ಆ ತೂಗಾಟಕ್ಕೆ ತಾಳ ಕೂಡಿದ ಅಲೆ ದಾಟುತ್ತದೆ, ಉಳಿದದ್ದು ಹಿಂದಿರುಗುತ್ತದೆ. ನನ್ನ ಅಂಗೈಯಲ್ಲಿದ್ದ ಬಿಲ್ಲೆಯಲ್ಲಿ ಅಲ್ಯೂಮಿನಿಯಂ ಪೊರೆಯ ದಪ್ಪ 150 ನ್ಯಾನೋಮೀಟರ್. ರಂಧ್ರಗಳ ಅಂತರ ನೀಲಿಗೆ ಸುಮಾರು 250, ಹಸಿರಿಗೆ ಸುಮಾರು 330, ಕೆಂಪಿಗೆ ಸುಮಾರು 430. ಮೂರು ಬಣ್ಣವೂ ಒಂದೇ ಪೊರೆಯಲ್ಲಿ, ಒಂದೇ ಸಲಕ್ಕೆ, ಅಂತರವನ್ನು ಬದಲಿಸಿದ ಮಾತ್ರಕ್ಕೆ. ಮಾಸಿಹೋಗಲು ಅಲ್ಲಿ ಬಣ್ಣದ ದ್ರವ್ಯವೇ ಇಲ್ಲ.

ಅವರು ನನ್ನ ತಂಬಿಗೆಯಿಂದ ಬೆರಳ ತುದಿಯಲ್ಲಿ ಒಂದು ಹನಿ ನೀರನ್ನು ತೆಗೆದು ಬಿಲ್ಲೆಯ ಮೇಲೆ ಬಿಟ್ಟರು. ಹನಿ ಬಿದ್ದಲ್ಲಿ ಬಣ್ಣ ಬೇರೆಯಾಯಿತು. ಒರೆಸಿ ಆರಿಸಿದರೆ ಮತ್ತೆ ಮೊದಲಿನ ಬಣ್ಣ. ಹುಕ್ ಕಂಡಿದ್ದ ಸಂಗತಿಯ ನೆರಳು ಮೂರೂವರೆ ಶತಮಾನಗಳ ಮೇಲೆ ನನ್ನ ಕೋಣೆಯಲ್ಲಿ ಕಾಣಿಸಿತು.

ಸಿಂಗಪುರದ ಸಂಶೋಧನಾ ಸಂಸ್ಥೆಯೊಂದರ ವಿದ್ವಾಂಸರು 2012ರಲ್ಲಿ ಇದೇ ತತ್ತ್ವದಿಂದ, ಬೆಳ್ಳಿ ಬಂಗಾರ ಲೇಪಿಸಿದ ಅತಿಸೂಕ್ಷ್ಮ ಕಂಬಗಳನ್ನು ನಿಲ್ಲಿಸಿ, ಒಂದು ಅಂಗುಲಕ್ಕೆ 1,00,000 ಚುಕ್ಕೆಗಳಂತೆ ಬಣ್ಣದ ಚಿತ್ರವನ್ನು ಮುದ್ರಿಸಿದರು. ಇಡೀ ಚಿತ್ರದ ಅಗಲ ಒಂದು ಕೂದಲಿನ ದಪ್ಪದಷ್ಟು. ಈಗ ಇಂತಹ ಅನೇಕ ಶೋಧಕಗಳನ್ನು ಒಂದೇ ತುಣುಕಿನ ಮೇಲೆ ಸಾಲಾಗಿರಿಸಿ, ಬೆಳಕನ್ನು ಹತ್ತಾರು ಪಾಲಾಗಿ ಬಿಡಿಸಿ ಓದುವ ಕಿರು ವರ್ಣಪಟಲಮಾಪಕಗಳನ್ನು ಕಟ್ಟುವ ಯತ್ನ ಹಲವೆಡೆ ನಡೆದಿದೆ. ಮೇಜಿನಷ್ಟು ಜಾಗ ಬೇಡುತ್ತಿದ್ದ ಉಪಕರಣ ಕಿಸೆಗೆ ಇಳಿದರೆ, ಬೆಳೆಯ ಎಲೆಯ ರೋಗವನ್ನೂ ಹಣ್ಣಿನ ಮಾಗುವಿಕೆಯನ್ನೂ ರೈತ ಹೊಲದಲ್ಲಿಯೇ ಅಳೆಯಬಹುದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೂ ನ್ಯಾನೋ ವಿಜ್ಞಾನಕ್ಕೆಂದೇ ಒಂದು ಕೇಂದ್ರವಿದ್ದು, ಇಂತಹ ಸೂಕ್ಷ್ಮರಚನೆಗಳನ್ನು ಮಾಡುವ ಧೂಳಿಲ್ಲದ ಕೋಣೆಗಳು ಅಲ್ಲಿವೆ.

ಎಲ್ಲವೂ ಸಿದ್ಧಿಸಿತೆಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೂ ಹೇಳಲಿಲ್ಲ. ಲೋಹ ತಾನೂ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಆದುದರಿಂದ ಕೆಲವರು ಲೋಹವನ್ನು ಬಿಟ್ಟು ಸಿಲಿಕಾನ್, ಟೈಟಾನಿಯಂ ಡೈಆಕ್ಸೈಡ್ ಮುಂತಾದವುಗಳ ಕಂಬಗಳತ್ತ ಹೊರಳಿದ್ದಾರೆ. ಬಿಲ್ಲೆಯನ್ನು ಓರೆ ಮಾಡಿದರೆ ಬಣ್ಣ ಜಾರುತ್ತದೆ. ನವಿಲಿಗೆ ಅದು ಸೊಗಸು, ಕ್ಯಾಮೆರಾಕ್ಕೆ ದೋಷ. ಎಲೆಕ್ಟ್ರಾನುಗಳ ಕಿರಣವನ್ನೇ ಲೇಖನಿಯಾಗಿ ಹಿಡಿದು ಒಂದೊಂದು ರಂಧ್ರವನ್ನೂ ಬರೆಯಬೇಕಾದುದರಿಂದ ಎಳ್ಳುಕಾಳಿನಷ್ಟು ಚೌಕಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ಅಚ್ಚನ್ನು ಮಾಡಿಕೊಂಡು ಮುದ್ರೆಯೊತ್ತಿದಂತೆ ಒತ್ತುವ ಮಾರ್ಗವೂ ಬೆಳೆಯುತ್ತಿದೆ. "ಇನ್ನೂ ಬಾಳ ಕೆಲಸ ಐತ್ರಿ" ಎಂದು ಅವರು ನಕ್ಕರು.

ಆಮೇಲೆ ಅವರು ನನ್ನನ್ನು ಒಂದು ಉಪಕಾರ ಕೇಳಿದರು. ಈ ವಸ್ತುವಿಗೆ ಕನ್ನಡದಲ್ಲಿ ಒಂದು ಹೆಸರು ಬೇಕು. ತಮ್ಮ ತಂದೆಗೆ ತಾವು ಮಾಡುವ ಕೆಲಸ ಏನೆಂದು ಹೇಳಲು ಮಾತು ಸಿಕ್ಕುತ್ತಿಲ್ಲ. ನಾನು ಆ ರಾತ್ರಿ ನಿಘಂಟುಗಳನ್ನು ಹರಡಿಕೊಂಡು ಕುಳಿತೆನು. 'ರಚನಾವರ್ಣ' ಎಂಬ ಸಮಾಸ ಹೊಳೆಯಿತು: ರಚನೆಯ ದೆಸೆಯಿಂದ ಹುಟ್ಟಿದ ವರ್ಣ. ಅದನ್ನು ಆರಿಸಿ ಬಿಡುವ ಸಾಧನ 'ರಚನಾವರ್ಣ ಶೋಧಕ'. ಮನೆಮಾತಿನಲ್ಲಿ ಹೇಳುವುದಾದರೆ, ಬಣ್ಣ ಸೋಸುವ ಜರಡಿ. ಕಾಗದದ ಮೇಲೆ ಬರೆದು ನೋಡುತ್ತಿದ್ದಂತೆ ನನ್ನ ಕೈ ನಿಂತಿತು. ವರ್ಣವೆಂಬ ಶಬ್ದಕ್ಕೆ ಬಣ್ಣವೆಂದು ಅರ್ಥ, ಅಕ್ಷರವೆಂದೂ ಅರ್ಥ. 'ನದಿ' ಎಂದು ಬರೆಯುತ್ತೇವೆ. ಅದೇ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿದರೆ 'ದಿನ'. ಹರಿಯುವ ನೀರು 'ನ'ಕಾರದಲ್ಲಿದೆಯೆ, 'ದಿ'ಕಾರದಲ್ಲಿದೆಯೆ? ಅಕ್ಷರಗಳನ್ನು ಬಿಡಿಬಿಡಿಯಾಗಿ ಕುಟ್ಟಿ ಪುಡಿಮಾಡಿದರೆ ಅಲ್ಲಿ ಅರ್ಥ ಸಿಕ್ಕುವುದೆ? ಅರ್ಥ ಇರುವುದು ಜೋಡಣೆಯಲ್ಲಿ, ಅಕ್ಷರಗಳ ನಡುವಣ ಕ್ರಮದಲ್ಲಿ. ಇದನ್ನು ನಾನು ಮೂವತ್ತು ವರ್ಷಗಳಿಂದ ಪ್ರತಿದಿನವೂ ಹೇಳುತ್ತ ಬಂದವನು. ಹುಡುಗನ ಪೊಟ್ಟಣದಲ್ಲಿದ್ದ ಉತ್ತರ ನನ್ನ ಶಾಸ್ತ್ರದೊಳಗೇ ಇತ್ತು. ಅಂದು ನನ್ನ ಕಣ್ಣಿಗೆ ಅದು ಬೀಳಲಿಲ್ಲವೆಂದರೆ ಶಾಸ್ತ್ರದ ದೋಷವಲ್ಲ, ನನ್ನ ಅಹಂಕಾರದ ದೋಷ. ಅನ್ನಂಭಟ್ಟನು ಏಳನೆಯ ರೂಪಕ್ಕೆ 'ಚಿತ್ರ'ವೆಂದು ಹೆಸರಿಟ್ಟು ಬೆರಗಿಗೆ ಒಂದು ಜಾಗವನ್ನು ಬಿಟ್ಟಿದ್ದನು. ಅವನ ಹೆಸರಿನಲ್ಲಿ ನಾನು ಅದನ್ನು ಮುಚ್ಚಿದ್ದೆನು.

ಮರುದಿನ ಬೆಳಿಗ್ಗೆ ಅವರು ಹೊರಡುವ ಮುನ್ನ ಹೆಸರು ಬರೆದ ಕಾಗದವನ್ನು ಕೊಟ್ಟು, 1998ರ ಮಾತನ್ನು ಎತ್ತಿ ಕ್ಷಮೆ ಕೇಳಿದೆನು. ಅವರು ಗಾಬರಿಗೊಂಡು ನನ್ನ ಕೈ ಹಿಡಿದರು. "ಹಂಗ ಅನ್ನಬ್ಯಾಡ್ರಿ ಗುರುಗಳ. ನೀವು ಬರದ ಪ್ರಶ್ನೆನ ನನ್ನನ್ನ ಇಲ್ಲಿತನ ತಂದದ್ದು. ಬಣ್ಣ ಎಲ್ಲಿಗೆ ಹೋತು ಅಂತ ಹುಡುಕ್ಯಾಡಕೋತ ಹೋದೆ" ಎಂದರು.

ಇಂತಹ ಸಂಚಿಕೆಗಳಲ್ಲಿ ಈ ಮಾತನ್ನು ಇಲ್ಲಿಗೆ ನಿಲ್ಲಿಸಿ, ಗುರುವಿನ ಒಂದು ಪ್ರಶ್ನೆಯಿಂದ ವಿಜ್ಞಾನಿಯೊಬ್ಬನು ಹುಟ್ಟಿದನೆಂದು ಬರೆಯುವುದು ಸುಲಭ. ಕೇಳುವವರಿಗೂ ಹಿತ. ಆದರೆ ಅದು ಸತ್ಯವಾಗದು. ನಾನು ಅದನ್ನು ಪ್ರಶ್ನೆಯಾಗಿ ಬರೆದಿರಲಿಲ್ಲ, ಮೂದಲಿಕೆಯಾಗಿ ಬರೆದಿದ್ದೆನು. ಮೂದಲಿಕೆಯನ್ನು ಪ್ರಶ್ನೆಯಾಗಿ ಓದಿಕೊಂಡುದು ಆ ಹುಡುಗನ ಹಿರಿತನ. ನನಗೆ ನಿದ್ದೆ ಕೆಡಿಸಿದುದು ಅವರ ನೆನಪಲ್ಲ. ಹಿಂದಿರುಗಿ ಬಂದವರು ಇವರೊಬ್ಬರು. ಬಾರದವರೆಷ್ಟು ಮಂದಿ? ಕೈಯಲ್ಲಿ ಒಂದು ಪೊಟ್ಟಣ ಹಿಡಿದು ನನ್ನ ಮೇಜಿನ ಬಳಿಗೆ ಬಂದು, ನನ್ನ ಮುಖವನ್ನು ನೋಡಿ ಹಿಂದಕ್ಕೆ ಹೋಗಿ ಕುಳಿತ ಮಕ್ಕಳ ಹೆಸರುಗಳು ನನ್ನ ಹಾಜರಿ ಪುಸ್ತಕಗಳಲ್ಲಿವೆ. ಅವರ ಪ್ರಶ್ನೆಗಳು ಎಲ್ಲಿಯೂ ಇಲ್ಲ.

ಸಹೋದ್ಯೋಗಿಗಳಾದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ: ಪೊಟ್ಟಣವನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ದಾನಿಗಳಲ್ಲಿ ಒಂದು ಪ್ರಾರ್ಥನೆಯುಂಟು. ನಮ್ಮ ಪ್ರಯೋಗಶಾಲೆಯಲ್ಲಿರುವ ಸೂಕ್ಷ್ಮದರ್ಶಕಗಳ ಗಾಜು ಮಂಕಾಗಿದೆ. ಒಂದೆರಡು ಒಳ್ಳೆಯ ಸೂಕ್ಷ್ಮದರ್ಶಕಗಳು ಬಂದರೆ ಮಕ್ಕಳು ಹುಕ್ ಕಂಡಷ್ಟನ್ನಾದರೂ ಕಂಡಾರು. ಈ ಕಾರ್ಯಕ್ಕೆ ನನ್ನ ಒಂದು ತಿಂಗಳ ಸಂಬಳವನ್ನು ಮೊದಲ ಕಾಣಿಕೆಯಾಗಿ ಆಡಳಿತ ಮಂಡಲಿಗೆ ಒಪ್ಪಿಸಿದ್ದೇನೆ.

ಅಡುಗೆಯ ಅಜ್ಜನವರು ಈಗ ಇಲ್ಲ. ಅವರ ಕುಟ್ಟಾಣಿಯನ್ನು ಅವರ ಮೊಮ್ಮಗನಿಂದ ಕೇಳಿ ಪಡೆದು ನನ್ನ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಈ ವರ್ಷ ಗುಣವಾಚಕಗಳ ಪಾಠದ ದಿನ ತರಗತಿಗೆ ಅದನ್ನು ಒಯ್ದೆನು. ಮೊದಲು ಅರಿಶಿನದ ಕೊಂಬನ್ನು ಕುಟ್ಟಿಸಿದೆನು. ಎಲ್ಲರ ಬೆರಳೂ ಹಳದಿಯಾಯಿತು. ಅನಂತರ ನಮ್ಮ ತೋಟದಲ್ಲಿ ನವಿಲು ತಾನಾಗಿ ಉದುರಿಸಿಹೋಗಿದ್ದ ಗರಿಯನ್ನು ಕತ್ತರಿಸಿ ಕುಟ್ಟಿಸಿದೆನು. ಕಂದು ಹುಡಿಯನ್ನು ಬಿಳಿಯ ಕಾಗದದ ಮೇಲೆ ಹರಡಿ, ಕಪ್ಪು ಹಲಗೆಯ ಮೇಲೆ ಬರೆದೆನು: ಬಣ್ಣ ಎಲ್ಲಿಗೆ ಹೋಯಿತು?

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, "ಎಲ್ಲಿಗೂ ಹೋಗಿಲ್ರಿ ಗುರುಗಳ, ಅದರ ಮನಿ ಬಿದ್ದೈತ್ರಿ" ಎಂದಳು.

ಯಾರೂ ನಗದಂತೆ ನೋಡಿಕೊಂಡೆನು. ಆಮೇಲೆ, "ಆ ಮನೆ ಹೇಗೆ ಕಟ್ಟಿತ್ತು ಹೇಳು ನೋಡೋಣ, ತಂಗಿ" ಎಂದು ಕೇಳಿ, ಅವಳ ಎದುರಿನ ಬೆಂಚಿನ ಮೇಲೆ ಕುಳಿತೆನು.